ಮೇಣದಬತ್ತಿ ಕೊಂಡರೆ ‘ಹ್ಯೂಗಾ’ ಬರುತ್ತಾ?

ಮಾರ್ಚ್ ತಿಂಗಳ ಒಂದು ಶನಿವಾರ ರಾತ್ರಿ. ದಾವಣಗೆರೆಯ ಸೆಕೆ ಗೊತ್ತಲ್ಲ, ಫ್ಯಾನ್ ಐದರಲ್ಲಿಟ್ಟರೂ ಬೆನ್ನು ಹಾಸಿಗೆಗೆ ಅಂಟುತ್ತದೆ. ಅಂಥ ರಾತ್ರಿಯಲ್ಲಿ ಹಾಸ್ಟೆಲ್ ರೂಮಿನ ಫ್ಯಾನ್ ಆಫ್ ಮಾಡಿ, ಟ್ಯೂಬ್‌ಲೈಟನ್ನೂ ಆಫ್ ಮಾಡಿ, ಆನ್‌ಲೈನ್‌ನಲ್ಲಿ 349 ರೂಪಾಯಿ ಕೊಟ್ಟು ತರಿಸಿದ್ದ ಪರಿಮಳದ ಮೇಣದಬತ್ತಿ ಹಚ್ಚಿಟ್ಟೆ. ಡಬ್ಬದ ಮೇಲೆ ದೊಡ್ಡದಾಗಿ ಒಂದು ಪದ ಇತ್ತು. ರೂಮ್‌ಮೇಟ್ ಅದನ್ನು ‘ಹುಗ್ಗಿ’ ಅಂತ ಓದಿದ. ಹತ್ತು ನಿಮಿಷದಲ್ಲಿ ಮೂವರೂ ಬೆವರಿನಲ್ಲಿ ತೊಯ್ದು ಹೋದೆವು. ಹನ್ನೊಂದನೇ ನಿಮಿಷಕ್ಕೆ ವಾಸನೆ ಹಿಡಿದು ವಾರ್ಡನ್ ಬಂದರು. ಮೇಣದಬತ್ತಿ ಜಪ್ತಿ!

ಮೂವರು ಅಂದೆ. ಜನವರಿವರೆಗೆ ನಾವು ನಾಲ್ವರಿದ್ದೆವು. ಶನಿವಾರ ರಾತ್ರಿ ನಮ್ಮ ರೂಮಿನಲ್ಲಿ ಕೆಟಲ್‌ನಲ್ಲಿ ಬೇಯಿಸಿದ ಮ್ಯಾಗಿ, ಕಾಗದದ ಮೇಲೆ ಸುರುವಿದ ಮಂಡಕ್ಕಿ, ಎರಡು ಗಂಟೆವರೆಗೆ ಹರಟೆ. ಫೆಬ್ರುವರಿಯಲ್ಲಿ ಇಂಟರ್ನ್‌ಶಿಪ್‌ಗೆ ಆಯ್ಕೆಯಾದವರ ಪಟ್ಟಿ ಬಂತು. ಮೂವರ ಹೆಸರಿತ್ತು, ನಾಲ್ಕನೆಯವನದು ಇರಲಿಲ್ಲ. ಆಮೇಲೆ ಅವನು ಬರುವುದು ನಿಲ್ಲಿಸಿದ. ಕೇಳಿದರೆ ‘ಓದೋದಿದೆ ಕಣ್ರೋ’ ಅನ್ನುತ್ತಿದ್ದ. ಕೂಟದ ಕಳೆ ಹೋಗಿತ್ತು, ಅದನ್ನು ವಾಪಸ್ ತರೋಣ ಅಂತಲೇ ನಾನು ಮೇಣದಬತ್ತಿ ತರಿಸಿದ್ದು. ಡಬ್ಬದ ಮೇಲಿನ ಪದದ ಅರ್ಥ ಹುಡುಕಿದ್ದು ಮಾತ್ರ ಡಬ್ಬ ಕೈಬಿಟ್ಟ ಮೇಲೆ.

ಅದು ಡೆನ್ಮಾರ್ಕ್‌ನವರ ಪದ. ಉಚ್ಚಾರಣೆ ಹೆಚ್ಚುಕಮ್ಮಿ ‘ಹ್ಯೂಗಾ’. ಬೇಕಾದವರ ಜೊತೆ, ಬೆಚ್ಚಗೆ, ಯಾವ ಧಾವಂತವೂ ಇಲ್ಲದೆ ಕೂತಿರುವುದು ಅಂತ ಅರ್ಥ ಹೇಳಬಹುದು. ಮೂಲ ನಾರ್ವೆಯದು, ಡ್ಯಾನಿಶ್ ಬರಹಗಳಲ್ಲಿ ಕಾಣಿಸಿಕೊಂಡು ಸುಮಾರು ಇನ್ನೂರು ವರ್ಷಗಳಾದವು. 2016ರಲ್ಲಿ ಕೋಪನ್‌ಹೇಗನ್‌ನ ಹ್ಯಾಪಿನೆಸ್ ರಿಸರ್ಚ್ ಇನ್‌ಸ್ಟಿಟ್ಯೂಟ್‌ನ ಮುಖ್ಯಸ್ಥ ಮೈಕ್ ವಿಕಿಂಗ್ ‘ದಿ ಲಿಟಲ್ ಬುಕ್ ಆಫ್ ಹ್ಯೂಗಾ’ ಬರೆದರು. ಅದೇ ವರ್ಷ ಆಕ್ಸ್‌ಫರ್ಡ್ ನಿಘಂಟಿನವರ ‘ವರ್ಷದ ಪದ’ದ ಕಿರುಪಟ್ಟಿಯಲ್ಲೂ ಈ ಪದ ಇತ್ತು (ಗೆದ್ದಿದ್ದು ‘ಪೋಸ್ಟ್-ಟ್ರುತ್’). ಅಲ್ಲಿಂದ ಶುರುವಾಯಿತು ನೋಡಿ ಮಾರಾಟ. ಹ್ಯೂಗಾ ಕಂಬಳಿ, ಹ್ಯೂಗಾ ಸಾಕ್ಸ್, ಹ್ಯೂಗಾ ಚಹಾ. ನನ್ನ 349 ರೂಪಾಯಿಯೂ ಆ ಲೆಕ್ಕಕ್ಕೇ ಜಮೆ.

ನಮ್ಮ ಕಾಲೇಜಿನ ಸೀನಿಯರ್ ಒಬ್ಬರು ಎಂ.ಎಸ್. ಓದಲು ಕೋಪನ್‌ಹೇಗನ್ ಹತ್ತಿರ ಹೋಗಿದ್ದಾರೆ. ಶಿರಸಿ ಕಡೆಯವರು. ಫೋನ್ ಮಾಡಿ ಕೇಳಿದಾಗ ಮೊದಲು ಮನಸಾರೆ ನಕ್ಕರು. ‘ಮಾರ್ಚ್‌ನಲ್ಲಿ, ದಾವಣಗೆರೆಯಲ್ಲಿ, ಫ್ಯಾನ್ ಆಫ್ ಮಾಡಿ! ಇಲ್ಲಿ ಡಿಸೆಂಬರ್‌ನಲ್ಲಿ ಬಂದು ನೋಡು ಮಾರಾಯ’ ಅಂದರು. ಅಲ್ಲಿ ಡಿಸೆಂಬರ್‌ನಲ್ಲಿ ಸೂರ್ಯ ಹುಟ್ಟುವುದು ಬೆಳಿಗ್ಗೆ ಎಂಟೂವರೆ ದಾಟಿದ ಮೇಲೆ, ಮುಳುಗುವುದು ಮಧ್ಯಾಹ್ನ ಮೂರೂ ಮುಕ್ಕಾಲಿಗೆ ಮುಂಚೆ. ಹಗಲೆಂದರೆ ಏಳು ಗಂಟೆ, ಅದರಲ್ಲೂ ಮೋಡ. ಕ್ಲಾಸ್ ಮುಗಿಸಿ ಹೊರಗೆ ಬಂದರೆ ಕತ್ತಲು. ದಾರಿಯುದ್ದಕ್ಕೂ ಮನೆಗಳ ಕಿಟಕಿಯಲ್ಲಿ ಮೇಣದಬತ್ತಿ ಉರಿಯುತ್ತಿರುತ್ತದಂತೆ. ಡ್ಯಾನಿಶ್‌ನಲ್ಲಿ ಮೇಣದಬತ್ತಿಗೆ ‘ಜೀವಂತ ಬೆಳಕು’ ಅಂತಲೇ ಹೇಳುತ್ತಾರೆ.

ಅವರು ಹೇಳಿದ ಇನ್ನೆರಡು ಪದ ನನ್ನ ತಲೆಯಲ್ಲಿ ಉಳಿದುಬಿಟ್ಟವು. ಹ್ಯೂಗಾಕ್ಕೆ ವಿರುದ್ಧ ಪದ ‘ಊಹ್ಯೂಗಾ’. ಕಿರಿಕಿರಿ, ಅನನುಕೂಲ ಅಂತೇನೋ ಇರಬೇಕು ಅಂದುಕೊಂಡಿದ್ದೆ. ಅಲ್ಲ, ಅದರರ್ಥ ಭಯ. ಭೂತದ ಕಥೆಯಲ್ಲಿ, ರಾತ್ರಿ ಒಬ್ಬರೇ ನಡೆಯುವ ದಾರಿಯಲ್ಲಿ ಇರುವಂಥದ್ದು. ಅಂದರೆ ಹ್ಯೂಗಾ ಬರೀ ಆರಾಮ ಅಲ್ಲ, ಭಯ ಇಲ್ಲದಿರುವುದು. ಇನ್ನೊಂದು ಪದ ‘ಲ್ಯೂಸೆಸ್ಲುಕರ್’, ಅಕ್ಷರಶಃ ದೀಪ ಆರಿಸುವವನು. ಎಲ್ಲರೂ ಖುಷಿಯಾಗಿದ್ದಾಗ ಬಂದು ರಸಭಂಗ ಮಾಡುವವನಿಗೆ ಹೀಗನ್ನುತ್ತಾರೆ. ನಮ್ಮಜ್ಜಿ ನೆನಪಾದರು. ದೀಪ ‘ಆರಿಸು’ ಅಂದರೆ ಬೈಯುತ್ತಿದ್ದರು, ‘ಶಾಂತ ಮಾಡು’ ಅನ್ನಬೇಕು. ನಮ್ಮ ಮೂವರ ರೂಮಿನಲ್ಲಿ ಆ ಹೆಸರು ತಕ್ಷಣ ವಾರ್ಡನ್‌ಗೆ ಅಂಟಿತು.

ಎಂಜಿನಿಯರಿಂಗ್ ಓದುವವನಿಗೆ ಎಲ್ಲಿ ಹೋದರೂ ಸಿಲಬಸ್ ಬಿಡುವುದಿಲ್ಲ. ನಮ್ಮ ಹಾಸ್ಟೆಲ್‌ನ ‘ಕೂಲ್ ಡೇಲೈಟ್’ ಬಲ್ಬು 6,500 ಕೆಲ್ವಿನ್, ಮೇಣದಬತ್ತಿಯ ಜ್ವಾಲೆ ಸುಮಾರು 1,900. ಸಂಖ್ಯೆ ಕಡಿಮೆಯಾದಷ್ಟೂ ಬೆಳಕು ಕೆಂಪಗೆ, ಬೆಚ್ಚಗೆ ಕಾಣುತ್ತದೆ. ಈ ವಿಷಯದಲ್ಲಿ ಡೆನ್ಮಾರ್ಕ್‌ನವರಿಗೆ ಒಬ್ಬ ಹೀರೊ ಇದ್ದಾನೆ, ಪೌಲ್ ಹೆನ್ನಿಂಗ್‌ಸನ್. 1894ರಲ್ಲಿ ಹುಟ್ಟಿ ಸೀಮೆಎಣ್ಣೆ ದೀಪದಡಿ ಬೆಳೆದವನು. ಮನೆಗಳಿಗೆ ವಿದ್ಯುತ್ ಬಂದಾಗ ಬರಿಯ ಬಲ್ಬಿನ ಕಣ್ಣುಕುಕ್ಕುವ ಬೆಳಕು ಅವನಿಗೆ ಸಹಿಸಲಿಲ್ಲ. 1920ರ ದಶಕದಲ್ಲಿ ಒಂದರ ಮೇಲೊಂದು ಮೂರು ಛಾವಣಿ ಇರುವ ದೀಪ ಮಾಡಿದ. ಆ ಛಾವಣಿಗಳ ಆಕಾರ ಲಾಗರಿದಮಿಕ್ ಸ್ಪೈರಲ್. ನೆನಪಿದೆಯಾ ಫ್ರೆಂಡ್ಸ್? ಫಸ್ಟ್ ಇಯರ್ ಮ್ಯಾಥ್ಸ್, ಪೋಲಾರ್ ಕರ್ವ್ಸ್, ‘ರೇಡಿಯಸ್ ವೆಕ್ಟರ್ ಮತ್ತು ಟ್ಯಾಂಜೆಂಟ್ ನಡುವಿನ ಕೋನ ಕಂಡುಹಿಡಿಯಿರಿ’. ಈ ಒಂದು ಕರ್ವ್‌ನಲ್ಲಿ ಮಾತ್ರ ಆ ಕೋನ ಎಲ್ಲೆಡೆ ಒಂದೇ ಇರುತ್ತದೆ ಅಂತ ಸಾಧಿಸಿ, ಮಾರ್ಕ್ಸ್ ತಗೊಂಡು, ಮರೆತವರು ನಾವು. ಹೆನ್ನಿಂಗ್‌ಸನ್ ಬಲ್ಬನ್ನು ಆ ಸ್ಪೈರಲ್‌ನ ಕೇಂದ್ರದಲ್ಲಿಟ್ಟ. ಬೆಳಕು ಛಾವಣಿಗೆ ಎಲ್ಲ ಕಡೆಯೂ ಒಂದೇ ಕೋನದಲ್ಲಿ ತಾಗಿ ಕೆಳಕ್ಕೆ ಹರಡುತ್ತದೆ. ಮೇಜಿನ ಸುತ್ತ ಎಲ್ಲಿ ಕೂತರೂ ಬಲ್ಬು ನೇರವಾಗಿ ಕಣ್ಣಿಗೆ ಹೊಡೆಯುವುದಿಲ್ಲ. 1958ರ ಅವನ ‘ಪಿಎಚ್ 5’ ದೀಪ ಇವತ್ತಿಗೂ ಡೆನ್ಮಾರ್ಕ್‌ನ ಊಟದ ಮೇಜುಗಳ ಮೇಲೆ ತೂಗುತ್ತಿದೆ. ಇದನ್ನು ಆಗಲೇ ಯಾರಾದರೂ ಹೇಳಿಕೊಟ್ಟಿದ್ದರೆ ಎಂ-1ರಲ್ಲಿ ನನಗೆ ಇನ್ನಷ್ಟು ಮಾರ್ಕ್ಸ್ ಬರುತ್ತಿತ್ತೇನೋ!

ಆದರೆ ದೀಪ, ಕಂಬಳಿ ಎಲ್ಲ ಮೇಲಿನದು. ಕೆಳಗೆ ಏನಿದೆ ಅಂತ ನೋಡಿದಾಗ ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು ಅಂತ ಒಪ್ಪಿಕೊಳ್ಳುತ್ತೇನೆ. ಡೆನ್ಮಾರ್ಕ್‌ನವರಿಗೆ ಯೂನಿವರ್ಸಿಟಿ ಫೀಸ್ ಇಲ್ಲ. (ನಮ್ಮ ಸೀನಿಯರ್‌ಗೆ ಇದೆ, ಯುರೋಪಿನ ಹೊರಗಿನವರು ಕಟ್ಟಬೇಕು.) ಮನೆಯಿಂದ ಹೊರಗಿದ್ದು ಓದುವ ಡ್ಯಾನಿಶ್ ಹುಡುಗರಿಗೆ ಸರ್ಕಾರ ತಿಂಗಳಿಗೆ 6,000 ಕ್ರೋನರ್‌ಗೂ ಹೆಚ್ಚು ಕೊಡುತ್ತದೆ, ತೆರಿಗೆ ಕಳೆಯುವ ಮುನ್ನ. ಅದು ಸಾಲ ಅಲ್ಲ, ಅನುದಾನ. ಕೆಲಸಕ್ಕೆ ಸೇರಿದವರಿಗೆ ವಾರಕ್ಕೆ 37 ಗಂಟೆ ಅನ್ನುವುದು ಸಾಮಾನ್ಯ ಲೆಕ್ಕ. ಮನೆ ಬೆಚ್ಚಗಿಡುವ ವ್ಯವಸ್ಥೆಯೂ ಹಾಗೆಯೇ. ದೇಶದ ಮೂರನೇ ಎರಡರಷ್ಟು ಮನೆಗಳಿಗೆ ಊರಿನ ಸ್ಥಾವರದಿಂದ ನೆಲದಡಿಯ ಪೈಪ್‌ನಲ್ಲಿ ಬಿಸಿನೀರು ಬಂದು ಕೋಣೆ ಕಾಯುತ್ತದೆ. 2012ರಲ್ಲಿ ಮೊದಲ ವಿಶ್ವ ಸಂತೋಷ ವರದಿ ಬಂದಾಗ ಡೆನ್ಮಾರ್ಕ್ ಒಂದನೇ ಸ್ಥಾನದಲ್ಲಿತ್ತು. ಅದಕ್ಕೆ ಮೇಣದಬತ್ತಿ ಕಾರಣ ಅನ್ನುವವರು ಆ ಪೈಪುಗಳನ್ನು ನೋಡಿಲ್ಲ ಅಂತ ನನ್ನ ಅನುಮಾನ. ನಾಳೆಯ ಭಯ ಇಲ್ಲದವರು ಇವತ್ತು ಸಂಜೆ ನೆಮ್ಮದಿಯಾಗಿ ಕೂರಬಲ್ಲರು. ಸೆಮಿಸ್ಟರ್ ಫೀಸ್‌ಗೆ ಬ್ಯಾಂಕ್ ಸಾಲ ತೆಗೆದು, ಶನಿವಾರ ಎರಡು ಗಂಟೆ ಹರಟಿದ್ದಕ್ಕೂ ಭಾನುವಾರ ಪಶ್ಚಾತ್ತಾಪ ಪಡುವ ನಮಗೆ ಅದು ಡಬ್ಬದಲ್ಲಿ ಸಿಗುವುದು ಹೇಗೆ?

ಹಾಗಂತ ಅಲ್ಲಿ ಎಲ್ಲವೂ ಸಲೀಸಾಗಿಲ್ಲ. ನಮ್ಮ ಸೀನಿಯರ್ ಮೊದಲ ಚಳಿಗಾಲವಿಡೀ ಆ ಕಿಟಕಿಗಳನ್ನು ಹೊರಗಿನಿಂದಲೇ ನೋಡಿದವರು. ಕ್ಲಾಸ್‌ನಲ್ಲಿ ಎಲ್ಲರೂ ಒಳ್ಳೆಯವರೇ. ಆದರೆ ಮನೆಗೆ ಕರೆಯುವುದು ಬಾಲ್ಯದ ಗೆಳೆಯರನ್ನು, ಅದೂ ವಾರಗಳ ಮೊದಲೇ ದಿನ ಗೊತ್ತುಮಾಡಿ. ಇವರಿಗೆ ಮೊದಲ ಆಹ್ವಾನ ಬರಲು ಐದು ತಿಂಗಳು ಹಿಡಿಯಿತು. ‘ಒಳಗೆ ಹೋದ ಮೇಲೆ ಸ್ವರ್ಗ. ಆದರೆ ಬಾಗಿಲು ತಟ್ಟುವುದು ಹೇಗೆ ಅಂತ ಯಾರೂ ಹೇಳಿಕೊಡುವುದಿಲ್ಲ’ ಅಂದರು. ಯೆಪ್ಪೆ ಟ್ರೋಲೆ ಲಿನೆಟ್ ಎಂಬ ಡ್ಯಾನಿಶ್ ಮಾನವಶಾಸ್ತ್ರಜ್ಞ 2011ರಲ್ಲಿ ಬರೆದ ಲೇಖನವೊಂದರಲ್ಲಿ ಇದನ್ನೇ ಇನ್ನೂ ಖಾರವಾಗಿ ಹೇಳಿದ್ದಾರೆ. ಹ್ಯೂಗಾ ಜನರನ್ನು ನಯವಾಗಿ ನಿಯಂತ್ರಿಸುತ್ತದೆ, ‘ಇವರಿಗೆ ಹ್ಯೂಗಾ ಗೊತ್ತಿಲ್ಲ’ ಅಂತ ಕೆಲವರನ್ನು ಕೀಳಾಗಿ ಕಾಣಲೂ ದಾರಿ ಮಾಡುತ್ತದೆ ಅಂತ.

ಒಳಗಿರುವವರಿಗೂ ನಿಯಮಗಳಿವೆ. ಮುಖ್ಯವಾದದ್ದು, ಜಂಬ ಕೊಚ್ಚಿಕೊಳ್ಳುವ ಹಾಗಿಲ್ಲ. ಆಕ್ಸೆಲ್ ಸಾಂಡೆಮೋಸ ಎಂಬ ಲೇಖಕ 1933ರ ಕಾದಂಬರಿಯೊಂದರಲ್ಲಿ ‘ಯಾಂಟೆ’ ಎಂಬ ಊರನ್ನು ಕಲ್ಪಿಸಿ, ಅಲ್ಲಿ ಯಾರೂ ತಾನು ಉಳಿದವರಿಗಿಂತ ಮೇಲು ಅಂದುಕೊಳ್ಳಬಾರದು ಎಂಬ ಕಾನೂನುಗಳನ್ನು ಬರೆದ. ಅವನು ಬರೆದಿದ್ದು ಸಣ್ಣ ಊರಿನ ಉಸಿರುಗಟ್ಟುವಿಕೆಯನ್ನು ಹಂಗಿಸಲು. ಆದರೆ ಅದರ ಒಂದು ಒಳ್ಳೆಯ ಮುಖ ವಿಕಿಂಗ್ ಪುಸ್ತಕದಲ್ಲಿ ಸಿಗುತ್ತದೆ. ಹ್ಯೂಗಾಕ್ಕೆ ಬೇಕಾದ ಹತ್ತು ಸಂಗತಿಗಳ ಪಟ್ಟಿಯಲ್ಲಿ ವಾತಾವರಣ, ಆಶ್ರಯದ ಜೊತೆ ಸಮಾನತೆಯೂ ಇದೆ. ಕೆಲಸ ಹಂಚಿಕೊಳ್ಳಬೇಕು, ಮಾತನ್ನೂ ಹಂಚಿಕೊಳ್ಳಬೇಕು, ಸಾಧನೆ ಹೇಳಿಕೊಳ್ಳುವ ಅಗತ್ಯ ಇಲ್ಲ.

ಇದನ್ನು ಓದುತ್ತಿದ್ದಾಗ ಫೆಬ್ರುವರಿಯ ಆ ಶನಿವಾರ ನೆನಪಾಗಿ ಕಿವಿ ಬಿಸಿಯಾಯಿತು. ಪಟ್ಟಿ ಬಂದ ರಾತ್ರಿ ನಾಲ್ಕನೆಯವನು ಬಂದಿದ್ದ. ಅವನೇ ಮಂಡಕ್ಕಿ ತಂದಿದ್ದ. ನಾನು ಸ್ಟೈಪೆಂಡ್ ಎಷ್ಟು ಅಂತ ಹೇಳಿದೆ. ರೂಮ್‌ಮೇಟ್ ತನ್ನದು ಹೇಳಿದ. ಬೆಂಗಳೂರಲ್ಲಿ ಪಿಜಿ ಎಲ್ಲಿ ಮಾಡೋಣ, ಮೊದಲ ತಿಂಗಳ ದುಡ್ಡಲ್ಲಿ ಯಾವ ಫೋನ್ ಅಂತ ಒಂದೂವರೆ ಗಂಟೆ ಮಾತಾಡಿದೆವು. ಅವನು ಮ್ಯಾಗಿ ಬಡಿಸಿದ, ಕೆಟಲ್ ತೊಳೆದಿಟ್ಟ, ‘ಓದೋದಿದೆ’ ಅಂತ ಎದ್ದು ಹೋದ. ‘ಇವನ್ಯಾಕೆ ಮೂಡ್ ಹಾಳು ಮಾಡ್ತಾನೆ’ ಅಂತ ಹಿಂದಿನಿಂದ ಅಂದವನು ನಾನೇ. ದೀಪ ಆರಿಸುವವನ ಹೆಸರನ್ನು ವಾರ್ಡನ್‌ಗೆ ಇಟ್ಟು ನಕ್ಕಿದ್ದೆವಲ್ಲ.

ಕಳೆದ ಶನಿವಾರ ಕೆಟಲ್ ಎತ್ತಿಕೊಂಡು ನಾವು ಮೂವರೂ ಅವನ ರೂಮಿಗೇ ಹೋದೆವು. ಕ್ಷಮಾಪಣೆ ಅಂತ ಏನೇನೋ ವಾಕ್ಯ ಮಾಡಿಕೊಂಡು ಹೋಗಿದ್ದೆ, ಒಂದೂ ಬಾಯಿಂದ ಬರಲಿಲ್ಲ. ಅವನು ಮಂಚದ ಮೇಲಿನ ಪುಸ್ತಕ ಸರಿಸಿ ಜಾಗ ಮಾಡಿದ. ಫ್ಯಾನ್ ಐದರಲ್ಲಿತ್ತು, ಟ್ಯೂಬ್‌ಲೈಟ್ ಬೆಳ್ಳಗೆ ಉರಿಯುತ್ತಿತ್ತು. ಮುಂದಿನ ತಿಂಗಳು ಅವನಿಗೆ ಇನ್ನೊಂದು ಇಂಟರ್‌ವ್ಯೂ ಇದೆ ಅಂತ ಬೇರೆಯವರಿಂದ ಗೊತ್ತಿತ್ತು, ಕೇಳಲಿಲ್ಲ. ಅರ್ಧ ಮ್ಯಾಗಿ ಮುಗಿದ ಮೇಲೆ ಅವನೇ ಮಾತು ತೆಗೆದ: ‘ಏನೋ ಹುಗ್ಗಿ ಕ್ಯಾಂಡಲ್ ತರಿಸಿದ್ಯಂತೆ?’

‘ವಾರ್ಡನ್ ಹತ್ರ ಇದೆ’ ಅಂದೆ.