ಮನೆಯ ಲಾಗರ್, ಜೇನುತುಪ್ಪ ಮತ್ತು ಅಬಕಾರಿ ಕಾಯ್ದೆ

ವಿದೇಶದಲ್ಲಿ ನೆಲೆಸಿರುವ ಬಂಧುಗಳ ಮೂಲಕ ನಮ್ಮ ಭಾಗದಲ್ಲಿಯೂ ಪರಿಚಿತವಾಗುತ್ತಿರುವ ಸರಕುಗಳಲ್ಲಿ ‘ಬಿಯರ್ ಕಿಟ್’ ಒಂದು. ಮಾಲ್ಟ್ ಪಾಕದ ಡಬ್ಬಿ, ಅದರ ಮುಚ್ಚಳದಡಿ ಈಸ್ಟಿನ ಪೊಟ್ಟಣ, ತಯಾರಿಕೆಯ ಕ್ರಮವನ್ನು ಮುದ್ರಿಸಿದ ಹಾಳೆ. ಇಷ್ಟೇ ಅದರ ಸ್ವರೂಪ. ಇದಕ್ಕೆ ಜೇನುತುಪ್ಪ ಬೆರೆಸಿ ಲಾಗರ್ ಬಿಯರ್ ತಯಾರಿಸುವುದು ಹಲವು ದೇಶಗಳಲ್ಲಿ ಗೃಹಸ್ಥರ ಹವ್ಯಾಸವಾಗಿದೆ. ನಾಲತವಾಡದಂತಹ ಊರಿನ ಕಿರಾಣಿ ವರ್ತಕರಾಗಲಿ, ಜೇನುತುಪ್ಪವನ್ನು ಬಾಟಲಿಗೆ ತುಂಬಿ ಮಾರುವ ಸಣ್ಣ ಉದ್ಯಮಿಗಳಾಗಲಿ ಈ ಕಿಟ್ ತರಿಸಿ ಮಾರಬಹುದೇ, ಕೊಂಡವರು ಮನೆಯಲ್ಲಿ ತಯಾರಿಸಬಹುದೇ ಎಂಬುದು ಪ್ರಶ್ನೆ. ಉತ್ತರಕ್ಕೆ ಮೊದಲು ಸರಕಿನ ಗುಣವನ್ನು ಅರಿಯುವುದು ಅವಶ್ಯ.

ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ಬಿಸಿನೀರಿನಲ್ಲಿ ನೆನೆಸಿ, ಬಂದ ಸಿಹಿ ರಸಕ್ಕೆ ಹಾಪ್ಸ್ ಎಂಬ ಹೂವಿನ ಕಹಿಯನ್ನು ಸೇರಿಸಿ ಗಟ್ಟಿಯಾಗಿಸಿದ್ದೇ ಡಬ್ಬಿಯೊಳಗಿನ ಪಾಕ. ಆಸ್ಟ್ರೇಲಿಯಾ ಮೂಲದ ಸಾಮಾನ್ಯ ಡಬ್ಬಿಯ ತೂಕ 1.7 ಕಿಲೋ; ಇದರಿಂದ 23 ಲೀಟರ್ ಬಿಯರ್ ಆಗುತ್ತದೆ. ಪಾಕವೊಂದೇ ಸಾಲದು, ಸುಮಾರು 1 ಕಿಲೋ ಸಕ್ಕರೆ ಬೇಕು. ಆ ಸಕ್ಕರೆಯ ಸ್ಥಾನದಲ್ಲಿ ಜೇನುತುಪ್ಪ ಬರುತ್ತದೆ. ಜೇನುತುಪ್ಪದಲ್ಲಿ ಶೇಕಡಾ 80ರಷ್ಟು ಸಕ್ಕರೆಯೇ ಇದ್ದು, ಈಸ್ಟ್ ಅದನ್ನು ಬಹುಪಾಲು ಪೂರ್ಣವಾಗಿ ಮದ್ಯಸಾರವನ್ನಾಗಿ ಮಾರ್ಪಡಿಸುತ್ತದೆ. ಹೀಗಾಗಿ ಸಿಹಿ ಉಳಿಯುವುದಿಲ್ಲ, ಪಾನೀಯ ತೆಳ್ಳಗಾಗುತ್ತದೆ. ಕುದಿಸದೆ ಬೆರೆಸಿದಲ್ಲಿ ಸ್ವಲ್ಪ ಪರಿಮಳ ಮಾತ್ರ ಉಳಿಯುತ್ತದೆ. ದುಬಾರಿ ಜೇನುತುಪ್ಪವನ್ನು ಹೀಗೆ ವ್ಯಯಿಸುವುದು ಎಷ್ಟು ಲಾಭಕರವೆಂಬುದನ್ನು ವರ್ತಕರೇ ಲೆಕ್ಕ ಹಾಕಬಹುದು.

ಮದ್ಯಸಾರದ ಲೆಕ್ಕ ಸರಳವಾಗಿದೆ. ಹಾಲಿನ ವ್ಯಾಪಾರಸ್ಥರು ಬಳಸುವ ಲ್ಯಾಕ್ಟೋಮೀಟರಿನ ಜಾತಿಯದೇ ಆದ ಹೈಡ್ರೋಮೀಟರನ್ನು ರಸದಲ್ಲಿ ತೇಲಿಬಿಟ್ಟಾಗ ಮೇಲಿನ ಪ್ರಮಾಣಕ್ಕೆ ಸುಮಾರು 1.035 ತೋರಿಸುತ್ತದೆ. ಹುದುಗುವಿಕೆ ಮುಗಿದಾಗ ಅದು 1.007ರ ಆಸುಪಾಸಿಗೆ ಇಳಿಯುತ್ತದೆ. ವ್ಯತ್ಯಾಸವಾದ 0.028ನ್ನು 131ರಿಂದ ಗುಣಿಸಿದರೆ ಶೇಕಡಾ 3.7ರಷ್ಟು ಮದ್ಯಸಾರ. ಅಂಕಿ ಸತತ ಎರಡು ಮೂರು ದಿನ ಬದಲಾಗದೆ ನಿಲ್ಲುವ ಮುನ್ನ ಬಾಟಲಿಗೆ ತುಂಬಿದಲ್ಲಿ ಒಳಗೆ ಅನಿಲದ ಒತ್ತಡ ಹೆಚ್ಚಿ ಗಾಜು ಸಿಡಿಯುತ್ತದೆ. ಜೇನುತುಪ್ಪ ಬೆರೆತ ರಸ ನಿಧಾನವಾಗಿ ಹುದುಗುವುದುಂಟಾದ್ದರಿಂದ ಈ ಅಪಾಯ ಇಲ್ಲಿ ಅಧಿಕ.

ಇನ್ನು ‘ಲಾಗರ್’ ಎಂಬ ಹೆಸರಿನ ವಿಚಾರ. ಜರ್ಮನ್ ಭಾಷೆಯಲ್ಲಿ ಈ ಶಬ್ದಕ್ಕೆ ದಾಸ್ತಾನು, ಉಗ್ರಾಣ ಎಂಬ ಅರ್ಥವಿದೆ. ಲಾಗರ್ ಈಸ್ಟ್ 8ರಿಂದ 13 ಡಿಗ್ರಿ ಉಷ್ಣತೆಯಲ್ಲಿ ಕೆಲಸ ಮಾಡಬೇಕು. ಬಳಿಕ ಬಿಯರನ್ನು 0ಯಿಂದ 4 ಡಿಗ್ರಿಯ ತಂಪಿನಲ್ಲಿ ಹಲವು ವಾರ ದಾಸ್ತಾನು ಇಡಬೇಕು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಸೀಮೆಯಲ್ಲಿ ಇದಕ್ಕೆ ಪ್ರತ್ಯೇಕ ಫ್ರಿಜ್ಜೂ ತಡೆಯಿಲ್ಲದ ವಿದ್ಯುತ್ತೂ ಬೇಕು. ‘ಲಾಗರ್’ ಎಂಬ ಚೀಟಿ ಹಚ್ಚಿದ ಅನೇಕ ಕಿಟ್‌ಗಳಲ್ಲಿ ವಾಸ್ತವವಾಗಿ ಇರುವುದು ಸುಮಾರು 20 ಡಿಗ್ರಿಯಲ್ಲಿ ಕೆಲಸ ಮಾಡುವ ಏಲ್ ಜಾತಿಯ ಈಸ್ಟ್. ಅಂತಹ ಕಿಟ್ಟಿನಿಂದ ತಯಾರಾಗುವುದು ಹೆಸರಿಗಷ್ಟೇ ಲಾಗರ್.

ಆದರೆ ಹವಾಮಾನಕ್ಕಿಂತ ದೊಡ್ಡ ತೊಡಕು ಕಾನೂನಿನದು. ಸಂವಿಧಾನದ ಏಳನೆಯ ಅನುಸೂಚಿಯ ರಾಜ್ಯ ಪಟ್ಟಿಯ ಪ್ರಕಾರ ಮಾದಕ ಪಾನೀಯಗಳು ರಾಜ್ಯದ ವಿಷಯ. 1965ರ ಕರ್ನಾಟಕ ಅಬಕಾರಿ ಕಾಯ್ದೆಯಲ್ಲಿ ‘ಮದ್ಯ’ದ ವ್ಯಾಖ್ಯೆಯು ಬಿಯರನ್ನಲ್ಲದೆ ಮದ್ಯಸಾರವುಳ್ಳ ಎಲ್ಲ ದ್ರವಗಳನ್ನೂ ಒಳಗೊಂಡಿದೆ. ಸದರಿ ಕಾಯ್ದೆಯ 13ನೆಯ ಕಲಮು ಸನ್ನದು ಇಲ್ಲದೆ ಮಾದಕ ವಸ್ತು ತಯಾರಿಸುವುದನ್ನು ನಿಷೇಧಿಸುತ್ತದೆ. ಅಷ್ಟೇ ಅಲ್ಲ, ತಯಾರಿಸುವ ಉದ್ದೇಶದಿಂದ ಸಾಮಗ್ರಿ, ಪಾತ್ರೆ, ಸಲಕರಣೆಗಳನ್ನು ಇಟ್ಟುಕೊಳ್ಳುವುದನ್ನೂ ನಿಷೇಧಿಸುತ್ತದೆ. 32ನೆಯ ಕಲಮಿನಡಿ ಕಾರಾಗೃಹ ವಾಸ ಮತ್ತು ದಂಡ ಎರಡಕ್ಕೂ ಅವಕಾಶವಿದೆ. ‘ಸ್ವಂತ ಬಳಕೆಗೆ, ಮಾರಾಟಕ್ಕಲ್ಲ’ ಎಂಬ ಸಮಜಾಯಿಷಿಗೆ ಇಲ್ಲಿ ಆಧಾರವಿಲ್ಲ. ಮನೆಯಲ್ಲಿ ನಿಗದಿತ ಪ್ರಮಾಣದ ಬಿಯರ್ ಇಟ್ಟುಕೊಳ್ಳಲು ಅನುಮತಿ ಇದೆಯಲ್ಲ ಎಂದು ಕೆಲವರು ವಾದಿಸುವುದುಂಟು. ಆ ಅನುಮತಿ ಸುಂಕ ತೆತ್ತು ಅಂಗಡಿಯಿಂದ ತಂದ ಬಿಯರಿಗೆ ಸಂಬಂಧಿಸಿದ್ದೇ ಹೊರತು ಹಿತ್ತಲಲ್ಲಿ ತಯಾರಿಸಿದ್ದಕ್ಕಲ್ಲ.

ಮಾರಾಟಗಾರರ ಸ್ಥಿತಿ ಇನ್ನೂ ಸೂಕ್ಷ್ಮವಾದದ್ದು. ಬರೀ ಮಾಲ್ಟ್ ಪಾಕ ಆಹಾರ ಪದಾರ್ಥ, ಬೇಕರಿಯವರೂ ಕೊಳ್ಳುತ್ತಾರೆ. ಅದರೊಡನೆ ಈಸ್ಟ್ ಮತ್ತು ಬಿಯರ್ ತಯಾರಿಕೆಯ ಸೂಚನೆ ಒಂದೇ ಪೊಟ್ಟಣದಲ್ಲಿ ಇದ್ದಾಗ ‘ಉದ್ದೇಶ’ವನ್ನು ಸಾಬೀತುಪಡಿಸಲು ಬೇರೆ ಸಾಕ್ಷಿ ಹುಡುಕಬೇಕಿಲ್ಲವೆಂಬುದು ಈ ಲೇಖಕನ ಅಭಿಪ್ರಾಯ. ವ್ಯಾಪಾರ ಸ್ವಾತಂತ್ರ್ಯದ ಹಕ್ಕನ್ನು ಮುಂದೊಡ್ಡುವಂತೆಯೂ ಇಲ್ಲ: ಮಾದಕ ಪಾನೀಯದ ವ್ಯಾಪಾರ ಮೂಲಭೂತ ಹಕ್ಕಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ನಮ್ಮ ರಾಜ್ಯದ್ದೇ ಆದ ಖೋಡೆ ಡಿಸ್ಟಿಲರೀಸ್ ಪ್ರಕರಣದಲ್ಲಿ 1994ರಲ್ಲಿ ತೀರ್ಪಿತ್ತಿದೆ.

ಬ್ರಿಟನ್ನಿನಲ್ಲಿ 1963ರವರೆಗೆ ಮನೆಯ ಬಿಯರಿಗೂ ಸನ್ನದು ಬೇಕಿತ್ತು. ಅಮೆರಿಕದಲ್ಲಿ 1978ರ ಕಾನೂನು ಇಬ್ಬರು ವಯಸ್ಕರಿರುವ ಮನೆಗೆ ವರ್ಷಕ್ಕೆ 200 ಗ್ಯಾಲನ್, ಅಂದರೆ ಸುಮಾರು 757 ಲೀಟರ್ ಬಿಯರನ್ನು ತೆರಿಗೆಯಿಲ್ಲದೆ ತಯಾರಿಸಲು ಅವಕಾಶ ನೀಡಿತು. ಆದಾಗ್ಯೂ ಅಲಬಾಮಾ ಮತ್ತು ಮಿಸಿಸಿಪ್ಪಿ ರಾಜ್ಯಗಳು ಒಪ್ಪಿದ್ದು 2013ರಲ್ಲಿ. ಅಲ್ಲಿ ಸಲ್ಲುವ ಹವ್ಯಾಸ ಇಲ್ಲಿಯೂ ಸಲ್ಲುತ್ತದೆಂದು ಭಾವಿಸಿ ರಜೆಗೆ ಬರುವವರು ಕಿಟ್ ತಂದುಕೊಟ್ಟರೆ ತೊಂದರೆಗೆ ಸಿಲುಕುವವರು ಮನೆಯ ಹಿರಿಯರು.

ಹಾಗಾದರೆ ಜೇನುತುಪ್ಪದವರಿಗೆ ಇಲ್ಲಿ ವ್ಯವಹಾರವೇ ಇಲ್ಲವೇ? ಇದೆ, ಸನ್ನದುಳ್ಳ ಬ್ರೂವರಿಗಳಿಗೆ, ಪುಣೆಯ ಕಡೆ ಆರಂಭವಾಗಿರುವಂತಹ ಜೇನು ಮದ್ಯದ ಘಟಕಗಳಿಗೆ ಕಚ್ಚಾ ಮಾಲು ಪೂರೈಸಬಹುದು. ಆಹಾರ ಸುರಕ್ಷತಾ ಪ್ರಾಧಿಕಾರದ ಮಾನದಂಡದಂತೆ ಜೇನುತುಪ್ಪದ ತೇವಾಂಶ ಶೇಕಡಾ 20ನ್ನು ಮೀರಬಾರದು. ತೇವ ಹೆಚ್ಚಾದ ಮಾಲು ಡಬ್ಬಿಯಲ್ಲೇ ಹುದುಗಿ ಉಬ್ಬುತ್ತದೆ. ದರ ನಿಗದಿಯಲ್ಲಿ ಒಂದು ಅಂಶ ಗಮನಾರ್ಹ. ಮಾನವ ಸೇವನೆಯ ಮದ್ಯವು ಜಿಎಸ್‌ಟಿ ವ್ಯಾಪ್ತಿಯ ಹೊರಗಿದೆ. ಆದ್ದರಿಂದ ನೀವು ಬಿಲ್ಲಿನಲ್ಲಿ ವಿಧಿಸಿದ ತೆರಿಗೆಯ ಹೂಟವಳಿ ಜಮೆ, ಅಂದರೆ ಇನ್‌ಪುಟ್ ಕ್ರೆಡಿಟ್, ಬ್ರೂವರಿಗೆ ದೊರೆಯುವುದಿಲ್ಲ; ಅದು ಅವರ ಖರ್ಚಿಗೇ ಸೇರುತ್ತದೆ. ಅವರು ದರ ಇಳಿಸಲು ಒತ್ತಾಯಿಸುವುದು ಬಹುಮಟ್ಟಿಗೆ ಈ ಕಾರಣಕ್ಕೆ. ಕರಾರಿನಲ್ಲಿ ದರವು ತೆರಿಗೆ ಸಹಿತವೋ ರಹಿತವೋ ಎಂಬುದನ್ನು ಮೊದಲೇ ಬರೆಸಿಕೊಳ್ಳತಕ್ಕದ್ದು, ಖರೀದಿದಾರರ ಸನ್ನದಿನ ನಕಲನ್ನು ಕಡತದಲ್ಲಿ ಇಟ್ಟುಕೊಳ್ಳತಕ್ಕದ್ದು. ಕಿಟ್‌ಗಳಿಗೆ ಈಗಾಗಲೇ ಮುಂಗಡ ಕಳಿಸಿದವರು ಮಾಲು ಇಳಿಯುವ ಮುನ್ನವೇ ಜಿಲ್ಲೆಯ ಅಬಕಾರಿ ಕಚೇರಿಗೆ ಪತ್ರ ಬರೆದು ಲಿಖಿತ ಉತ್ತರ ಪಡೆಯುವುದು ಸೂಕ್ತ.