ಕೈ ಅಡ್ಡ ಹಿಡಿದಾಗ: ನಂಬಿದ್ದು ಮತ್ತು ಕಾಯ್ದೆ ಹೇಳಿದ್ದು

ಕೋಡಿಯ ಕಡಲ ತೀರದಲ್ಲಿ ಭಾನುವಾರ ಸಂಜೆ ಬೈಕುಗಳದ್ದೇ ಜಾತ್ರೆ. ಕೆಲವರು ಕುಂದಾಪುರ ಪೇಟೆಯಿಂದ, ಕೆಲವರು ಕೋಟೇಶ್ವರ, ಹಳೆಅಳಿವೆ ಕಡೆಯಿಂದ ಬಂದವರು. ಸೀವಾಕ್ ತುದಿವರೆಗೆ ನಡೆದು, ಗಂಗೊಳ್ಳಿಯನ್ನು ಹಿನ್ನೆಲೆಯಾಗಿ ಇಟ್ಟುಕೊಂಡು ಫೋಟೊ ಹೊಡೆಸಿಕೊಂಡು ಹಿಂದಿರುಗುವಾಗ ತಿರುವಿನಲ್ಲಿ ಖಾಕಿ ಕಂಡರೆ ಸಾಕು. ಮೂವರಿದ್ದ ಬೈಕಿನಿಂದ ಒಬ್ಬ ಮೆಲ್ಲನೆ ಇಳಿದು ಪಾದಚಾರಿಯಾಗುತ್ತಾನೆ. ಹ್ಯಾಂಡಲಿಗೆ ನೇತಾಡುತ್ತಿದ್ದ ಹೆಲ್ಮೆಟ್ ತಲೆಗೆ ಏರುತ್ತದೆ. ಇದ್ಯಾವುದಕ್ಕೂ ಪುರಸೊತ್ತು ಸಿಗದವನು ವಾಟ್ಸಾಪಿನಲ್ಲಿ ಓದಿದ ಕಾನೂನು ಹೇಳಲು ಶುರುಮಾಡುತ್ತಾನೆ.

ಆ ಕಾನೂನು ಪೂರ್ತಿ ಸುಳ್ಳಲ್ಲ, ಅದೇ ತೊಂದರೆ. ಯಾವುದೋ ಒಂದು ಕಲಂನ ಅರ್ಧ ಸಾಲು ಫಾರ್ವರ್ಡ್ ಆಗುತ್ತಾ ಆಗುತ್ತಾ ಸವಾರನಿಗೆ ಇಲ್ಲದ ಹಕ್ಕನ್ನು ಕೊಡುತ್ತದೆ, ಇರುವ ಹಕ್ಕನ್ನು ಮರೆಸುತ್ತದೆ.

"ಕಾನ್‌ಸ್ಟೆಬಲ್ ಕೈ ಹಿಡಿದರೆ ನಿಲ್ಲಬೇಕೆಂದಿಲ್ಲ, ಎಸ್‌ಐ ಇರಬೇಕು"

ಈ ಮಾತು ಹುಟ್ಟಿದ್ದು ಮೋಟಾರು ವಾಹನ ಕಾಯ್ದೆ, 1988ರ 132ನೇ ಕಲಂನಿಂದ. ಸಮವಸ್ತ್ರದಲ್ಲಿರುವ, ಸಬ್‌ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಲ್ಲದ ಅಧಿಕಾರಿ ಕೇಳಿದಾಗ ವಾಹನ ನಿಲ್ಲಿಸಬೇಕು ಎಂದು ಅಲ್ಲಿ ಇರುವುದು ನಿಜ. ಆದರೆ ಅದು ಅಪಘಾತವಾದಾಗಿನ ಮಾತು. ಮನುಷ್ಯನಿಗೋ ದನಕ್ಕೋ ಇನ್ನೊಂದು ಗಾಡಿಗೋ ಡಿಕ್ಕಿಯಾದ ವಾಹನವನ್ನು ಅಗತ್ಯವಿರುವಷ್ಟು ಹೊತ್ತು, ಗರಿಷ್ಠ 24 ಗಂಟೆ, ನಿಲ್ಲಿಸಿಕೊಳ್ಳುವುದಕ್ಕೆ ಆ ದರ್ಜೆ ಬೇಕು. ದಿನನಿತ್ಯದ ಸಂಚಾರಕ್ಕೆ ಬೇರೆಯೇ ಕಲಂ ಇದೆ, 119. ಸಂಚಾರ ನಿಯಂತ್ರಿಸುತ್ತಿರುವ ಯಾವುದೇ ಪೊಲೀಸ್ ಅಧಿಕಾರಿಯ ಸೂಚನೆ ಪಾಲಿಸಬೇಕು ಎನ್ನುತ್ತದೆ ಅದು. ಕಾನ್‌ಸ್ಟೆಬಲ್ ಕೂಡ ಅದರಲ್ಲಿ ಸೇರಿದ. 130ನೇ ಕಲಂ ಪ್ರಕಾರ ಲೈಸೆನ್ಸ್ ತೋರಿಸು ಎಂದು ಕೇಳುವುದಕ್ಕೂ ಸಮವಸ್ತ್ರ ಇದ್ದರೆ ಸಾಕು, ದರ್ಜೆ ಬೇಕಿಲ್ಲ.

ದರ್ಜೆಯ ಪ್ರಶ್ನೆ ಬರುವುದು ದುಡ್ಡಿನ ವಿಷಯದಲ್ಲಿ. ಸ್ಥಳದಲ್ಲೇ ದಂಡ ಕಟ್ಟಿಸಿಕೊಂಡು ಪ್ರಕರಣ ಮುಗಿಸುವ ಅಧಿಕಾರ 200ನೇ ಕಲಂನಡಿ ಸರ್ಕಾರ ಅಧಿಸೂಚನೆಯಲ್ಲಿ ಹೆಸರಿಸಿದ ದರ್ಜೆಯವರಿಗೆ ಮಾತ್ರ. ನಿಲ್ಲಿಸಬಲ್ಲವರೆಲ್ಲ ದಂಡ ವಸೂಲಿ ಮಾಡಬಲ್ಲವರಲ್ಲ. ಜನ ಕಲೆಸಿಕೊಂಡಿರುವುದು ಈ ಎರಡನ್ನು.

"ಕಣ್ಣಿಗೆ ಕಾಣುವ ತಪ್ಪಿಲ್ಲದಿದ್ದರೆ ಗಾಡಿ ನಿಲ್ಲಿಸುವಂತಿಲ್ಲ"

ಇದಕ್ಕೊಂದು ಚರಿತ್ರೆ ಇದೆ. ಆಗಿನ ಡಿಜಿಪಿ ಪ್ರವೀಣ್ ಸೂದ್ 2022ರ ಜೂನ್‌ನಲ್ಲಿ, ಬರೀ ದಾಖಲೆ ನೋಡುವುದಕ್ಕೆಂದು ವಾಹನ ತಡೆಯಬಾರದು, ಉಲ್ಲಂಘನೆ ಕಣ್ಣಿಗೆ ಕಂಡಿರಬೇಕು, ಕುಡಿದು ಓಡಿಸುವವರ ತಪಾಸಣೆ ಮಾತ್ರ ಇದಕ್ಕೆ ಹೊರತು ಎಂದು ಟ್ವಿಟರ್‌ನಲ್ಲೇ ಸಾರಿದರು. ಜಾರಿ ಮಾಡಲು ಹೇಳಿದ್ದು ಬೆಂಗಳೂರಿನ ಕಮಿಷನರ್ ಮತ್ತು ಸಂಚಾರ ವಿಭಾಗದ ಮುಖ್ಯಸ್ಥರಿಗೆ. 2025ರ ಮೇ ತಿಂಗಳಲ್ಲಿ ಮಂಡ್ಯದಲ್ಲಿ ದುರಂತ ನಡೆಯಿತು. ನಾಯಿ ಕಚ್ಚಿದ ಪುಟ್ಟ ಮಗುವನ್ನು ಬೈಕಿನಲ್ಲಿ ಆಸ್ಪತ್ರೆಗೆ ಒಯ್ಯುತ್ತಿದ್ದ ಹೆತ್ತವರನ್ನು ಸಂಚಾರ ಪೊಲೀಸರು ತಡೆದಾಗ ಬೈಕು ಉರುಳಿ, ಮಗು ವಾಹನದಡಿ ಸಿಕ್ಕಿ ತೀರಿಕೊಂಡಿತು. ಮೂವರು ಎಎಸ್‌ಐಗಳು ಅಮಾನತಾದರು. ಅದಾದ ಮೇಲೆ ಡಿಜಿಪಿ ಎಂ.ಎ. ಸಲೀಂ ಇಡೀ ರಾಜ್ಯಕ್ಕೆ ಸೂಚನೆ ಹೊರಡಿಸಿದರು: ಕಣ್ಣಿಗೆ ಕಾಣುವ ಉಲ್ಲಂಘನೆ ಇಲ್ಲದೆ ದಾಖಲೆಗಾಗಿ ತಡೆಯಬೇಡಿ, ಹಠಾತ್ತನೆ ಅಡ್ಡ ಬರಬೇಡಿ, ಹಿಂಬದಿಯವರನ್ನು ಎಳೆಯಬೇಡಿ, ಕೀ ಕಿತ್ತುಕೊಳ್ಳಬೇಡಿ, ಬೆನ್ನಟ್ಟಬೇಡಿ.

ಇವು ಇಲಾಖೆಯೊಳಗಿನ ಆದೇಶಗಳು. ಮುರಿದ ಸಿಬ್ಬಂದಿ ಮೇಲಧಿಕಾರಿಗೆ ಉತ್ತರ ಕೊಡಬೇಕು, ಅದರ ಮೇಲೆ ದೂರು ಕೊಡಲು ನಿಮಗೆ ಆಧಾರ ಸಿಗುತ್ತದೆ. ಆದರೆ ಆದೇಶ ಬಂತೆಂದು ಕಾಯ್ದೆಯ 130ನೇ ಕಲಂ ಬಿದ್ದುಹೋಗಿಲ್ಲ. "ಡಿಜಿಪಿ ಹೇಳಿದ್ದಾರೆ, ಲೈಸೆನ್ಸ್ ತೋರಿಸುವುದಿಲ್ಲ" ಎಂದು ಪಟ್ಟು ಹಿಡಿದರೆ ಬೀಳುವುದು ನಿಮ್ಮ ಮೇಲೇ ಕೇಸು: 179ನೇ ಕಲಂ, ಆದೇಶ ಪಾಲಿಸದ್ದಕ್ಕೆ. ತೋರಿಸಿ, ಆಮೇಲೆ ದೂರು ಕೊಡಿ. ಈ ಅನುಕ್ರಮ ತಪ್ಪಿದವರೇ ಠಾಣೆಯ ಬೆಂಚಿನಲ್ಲಿ ಕೂತಿರುತ್ತಾರೆ.

"ಮೊಬೈಲಿನಲ್ಲಿ ಫೋಟೊ ಇದೆ, ಸಾಕಲ್ವಾ?"

ಸಾಲದು. ಗ್ಯಾಲರಿಯಲ್ಲಿರುವ ಲೈಸೆನ್ಸಿನ ಫೋಟೊಗೂ ಝೆರಾಕ್ಸಿಗೂ ಒಂದೇ ಬೆಲೆ. ಡಿಜಿಲಾಕರ್ ಅಥವಾ ಎಂ-ಪರಿವಾಹನ್ ಆ್ಯಪಿನಲ್ಲಿ ತೆರೆದು ತೋರಿಸಿದರೆ ಅದು ಮೂಲ ದಾಖಲೆಗೆ ಸಮ. ಕೇಂದ್ರ ಮೋಟಾರು ವಾಹನ ನಿಯಮಗಳ 139ನೇ ನಿಯಮಕ್ಕೆ 2018ರಲ್ಲೇ ತಿದ್ದುಪಡಿಯಾಗಿದೆ. ಹಾಗೆ ತೋರಿಸಿದ ಮೇಲೂ "ಒರಿಜಿನಲ್ ಎಲ್ಲಿ?" ಎಂದರೆ ತಪ್ಪು ಕೇಳಿದವರದ್ದು. ಫೋನು ತೋರಿಸುವುದು ಎಂದರೆ ಫೋನು ಒಪ್ಪಿಸುವುದಲ್ಲ ಎನ್ನುವುದೂ ನೆನಪಿರಲಿ. ದಾಖಲೆ ನೋಡುವ ಅಧಿಕಾರದಲ್ಲಿ ನಿಮ್ಮ ವಾಟ್ಸಾಪ್ ಓದುವ ಅಧಿಕಾರ ಸೇರಿಲ್ಲ.

"ಲೈಸೆನ್ಸ್ ಕಿತ್ತುಕೊಳ್ಳುವ ಹಕ್ಕು ಪೊಲೀಸರಿಗಿಲ್ಲ"

ಕೀ ಬಗ್ಗೆ ಹೇಳಿದರೆ ಈ ಮಾತು ಸರಿ. ಕೀ ಕಿತ್ತುಕೊಳ್ಳಿ ಎನ್ನುವ ಕಲಂ ಕಾಯ್ದೆಯಲ್ಲಿಲ್ಲ. ಲೈಸೆನ್ಸ್ ಬಗ್ಗೆ ಹೇಳಿದರೆ ತಪ್ಪು. 206ನೇ ಕಲಂ ಆ ಅಧಿಕಾರ ಕೊಡುತ್ತದೆ, ಅದರಲ್ಲೂ ಎರಡು ಬಗೆ. ದಾಖಲೆ ನಕಲಿ ಎನ್ನಿಸಿದರೆ, ಅಥವಾ ಚಾಲಕ ಸಮನ್ಸಿಗೆ ಸಿಗದೆ ತಪ್ಪಿಸಿಕೊಳ್ಳಬಹುದು ಎನ್ನಿಸಿದರೆ ವಶಕ್ಕೆ ಪಡೆಯಬಹುದು. ಎರಡನೆಯ ಬಗೆ 2019ರ ತಿದ್ದುಪಡಿಯಲ್ಲಿ ಬಂದದ್ದು: ಅತಿವೇಗ, ಅಪಾಯಕಾರಿ ಚಾಲನೆ, ಕುಡಿದು ಓಡಿಸುವುದು, ತ್ರಿಬಲ್ ರೈಡಿಂಗ್, ಹೆಲ್ಮೆಟ್ ಇಲ್ಲದಿರುವುದು ಇಂಥವಕ್ಕೆ ಲೈಸೆನ್ಸ್ ವಶಕ್ಕೆ ಪಡೆದು, ಅಮಾನತಿಗಾಗಿ ಸಾರಿಗೆ ಇಲಾಖೆಗೆ ಕಳಿಸುವುದು. ನಮ್ಮ ಕೆಎ-20ರವರಿಗೆ ಹೆಲ್ಮೆಟ್ ಎಂದರೆ 500 ರೂಪಾಯಿಯ ಲೆಕ್ಕ ಮಾತ್ರ ಗೊತ್ತು. ಅದೇ ತಪ್ಪಿಗೆ ಮೂರು ತಿಂಗಳು ಲೈಸೆನ್ಸ್ ಹೋಗಬಹುದು ಎಂದು 194ಡಿ ಹೇಳುವುದು ಬಹಳ ಜನರ ಕಿವಿಗೆ ಬಿದ್ದೇ ಇಲ್ಲ.

ಇಲ್ಲಿ ನಿಮ್ಮ ಕೈಯಲ್ಲಿ ಇರಬೇಕಾದದ್ದು ಚೀಟಿ. ವಶಕ್ಕೆ ಪಡೆದವರು ತಾತ್ಕಾಲಿಕ ಸ್ವೀಕೃತಿ ಕೊಡಲೇಬೇಕು. ಮೊದಲ ಬಗೆಯಲ್ಲಿ, ಸಮನ್ಸ್ ತಪ್ಪಿಸಿಕೊಳ್ಳಬಹುದು ಎಂದು ಪಡೆದಾಗ ಸಿಗುವ ಸ್ವೀಕೃತಿ ಇಟ್ಟುಕೊಂಡು ಗಾಡಿ ಓಡಿಸಬಹುದು. ಎರಡನೆಯ ಬಗೆಯದ್ದನ್ನು ಇಟ್ಟುಕೊಂಡು ಓಡಿಸುವಂತಿಲ್ಲ. ಯಾವ ಕಲಂ ಬರೆದಿದ್ದಾರೆ ಎಂದು ನಿಂತಲ್ಲೇ ಓದಿಕೊಳ್ಳಿ. ಲೈಸೆನ್ಸೇ ಇಲ್ಲದೆ ಓಡಿಸಿದರೆ, ನೋಂದಣಿ ಇಲ್ಲದಿದ್ದರೆ 207ನೇ ಕಲಂನಡಿ ಗಾಡಿಯನ್ನೇ ತಡೆಹಿಡಿಯಬಹುದು. ಆಗಲೂ ಬರಹದಲ್ಲಿ ಕೇಳಿ ಪಡೆಯಿರಿ. ಮೀನಿನ ಕ್ರೇಟ್ ಕಟ್ಟಿಕೊಂಡು ನಸುಕಿಗೇ ಬಂದರಿನಿಂದ ಹೊರಡುವವನಿಗೆ ಗಾಡಿ ಒಂದು ದಿನ ಠಾಣೆಯಲ್ಲಿ ನಿಂತರೂ ಆ ದಿನದ ವ್ಯಾಪಾರ ಹೋಯಿತು; ಚೀಟಿ ಇಲ್ಲದಿದ್ದರೆ ಎಷ್ಟು ದಿನ ಎಂಬ ಲೆಕ್ಕವೂ ಇಲ್ಲ.

"ಅಲ್ಲೇ ಕಟ್ಟಬೇಕು, ಬೇರೆ ದಾರಿ ಇಲ್ಲ"

ಇದೆ. ಸ್ಥಳದಂಡ ಕಟ್ಟುವುದು ನೀವು ಒಪ್ಪಿ ಮಾಡಿಕೊಳ್ಳುವ ರಾಜಿ. ತಪ್ಪು ಮಾಡಿಲ್ಲ ಎನ್ನಿಸಿದರೆ ನೋಟಿಸ್ ಕೊಡಿ, ಕೋರ್ಟಿನಲ್ಲಿ ಹೇಳುತ್ತೇನೆ ಎನ್ನಬಹುದು. ಅದಕ್ಕೆ ಕೂಗಾಟ ಬೇಡ, ಅಷ್ಟೇ ಮಾತು ಸಾಕು. ಕಟ್ಟುವುದಾದರೆ ಯಂತ್ರದಿಂದ ಬಂದ ರಸೀದಿಯಲ್ಲಿ ಗಾಡಿ ನಂಬರ್, ಕಲಂ, ಮೊತ್ತ ಸರಿಯಾಗಿದೆಯೇ ನೋಡಿ.

"ರಸೀದಿ ಬೇಡ, ಅರ್ಧ ಕೊಡಿ" ಎಂಬುದು ಎರಡು ಕಡೆಯಿಂದಲೂ ಬರುವ ಮಾತು, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ಆದ ತಿದ್ದುಪಡಿಯಿಂದ ಲಂಚ ಕೊಡುವುದೂ ಅಪರಾಧ. ಒತ್ತಾಯಕ್ಕೆ ಸಿಕ್ಕಿ ಕೊಟ್ಟಿದ್ದರೆ ಏಳು ದಿನದೊಳಗೆ ಪೊಲೀಸರಿಗೋ ತನಿಖಾ ಸಂಸ್ಥೆಗೋ ತಿಳಿಸಿದವನಿಗೆ ರಕ್ಷಣೆ ಇದೆ. ಉಡುಪಿಯ ಲೋಕಾಯುಕ್ತ ಕಚೇರಿ ಇರುವುದೂ ಇದಕ್ಕೇ.

"ಊದುವುದಿಲ್ಲ ಎನ್ನಬಹುದು"

ಎನ್ನಬಹುದು, ಆದರೆ ಕುಡಿದಿದ್ದೀರೆಂದು ಶಂಕಿಸಲು ಕಾರಣವಿದ್ದರೆ ಊದಲು ನಿರಾಕರಿಸಿದವನನ್ನು ವಾರಂಟ್ ಇಲ್ಲದೆ ಬಂಧಿಸಲು 203ನೇ ಕಲಂ ಅವಕಾಶ ಕೊಡುತ್ತದೆ. ಮಿತಿ 100 ಮಿ.ಲೀ. ರಕ್ತಕ್ಕೆ 30 ಮಿ.ಗ್ರಾಂ ಮದ್ಯಸಾರ. "ಒಂದೇ ಬಿಯರ್" ಎಂಬ ಅಳತೆ ಯಾವ ಕಾನೂನಿನಲ್ಲೂ ಇಲ್ಲ. ಈ ಅಪರಾಧಕ್ಕೆ ಸ್ಥಳದಂಡದ ಸೌಲಭ್ಯವೂ ಇಲ್ಲ, ಕೋರ್ಟಿಗೆ ಹೋಗಲೇಬೇಕು; ಮೊದಲ ಸಲಕ್ಕೇ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ.

"ವಿಡಿಯೊ ಮಾಡಿದರೆ ಕೇಸ್ ಹಾಕ್ತಾರೆ"

ಸಾರ್ವಜನಿಕ ರಸ್ತೆಯಲ್ಲಿ ನಡೆಯುವುದನ್ನು ಚಿತ್ರಿಸಬಾರದು ಎಂಬ ಕಲಂ ಮೋಟಾರು ವಾಹನ ಕಾಯ್ದೆಯಲ್ಲಿಲ್ಲ. ಆದರೆ ಮುಖಕ್ಕೆ ಮೊಬೈಲ್ ತಾಗಿಸಿ, ಕೈ ತಳ್ಳಿ, ದಾರಿ ಕಟ್ಟಿ ಮಾಡಿದರೆ ಅದು ಕರ್ತವ್ಯಕ್ಕೆ ಅಡ್ಡಿ. ಭಾರತೀಯ ನ್ಯಾಯ ಸಂಹಿತೆಯ 221, ಕೈ ಮಾಡಿದರೆ 132. ಎರಡು ಹೆಜ್ಜೆ ಹಿಂದೆ ನಿಂತು ಸುಮ್ಮನೆ ತೆಗೆದ ವಿಡಿಯೊವೇ ದೂರು ಕೊಡುವಾಗ ಉಪಯೋಗಕ್ಕೆ ಬರುವುದು. ವಾದದ ಗದ್ದಲವೇ ತುಂಬಿದ ವಿಡಿಯೊ ಲೈಕ್ ತರುತ್ತದೆ ಅಷ್ಟೇ.

"ಇಲ್ಲೇ ಪ್ಯಾಟಿಗೆ ಹೋಯ್ ಬಪ್ದ್, ಹೆಲ್ಮೆಟ್ ಎಂತಕೆ ಮಾರಾಯ್ರೆ?"

129ನೇ ಕಲಂ ಸಾರ್ವಜನಿಕ ಸ್ಥಳ ಎನ್ನುತ್ತದೆ. ಹೆದ್ದಾರಿ 66 ಎಂದೂ ಹೇಳುವುದಿಲ್ಲ, ಒಳದಾರಿಗೆ ರಿಯಾಯಿತಿಯನ್ನೂ ಕೊಡುವುದಿಲ್ಲ. ಹಿಂದೆ ಕೂತವರಿಗೂ ಅದೇ. ಮನೆಯ ಮಕ್ಕಳ ವಿಷಯ ಇದಕ್ಕಿಂತ ಗಟ್ಟಿ. ಪಿಯುಸಿಗೆ ಹೋಗುವ ಮಗನಿಗೋ ಮಗಳಿಗೋ 18 ತುಂಬುವ ಮೊದಲೇ ಗೇರ್ ಬೈಕು ಕೊಟ್ಟು "ಪೊಲೀಸರು ಸಿಕ್ಕರೆ ಫೋನ್ ಮಾಡು" ಎಂದು ಕಳಿಸುವ ಅಪ್ಪಂದಿರು ನಮ್ಮಲ್ಲಿ ಕಡಿಮೆಯಿಲ್ಲ. ಫೋನ್ ಬಂದ ಮೇಲೆ ಅಪ್ಪನೇ ಆರೋಪಿ. 199ಎ ಕಲಂ ಪ್ರಕಾರ ಪೋಷಕ ಅಥವಾ ವಾಹನದ ಮಾಲೀಕನಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು, ಗಾಡಿಯ ನೋಂದಣಿ 12 ತಿಂಗಳು ರದ್ದು. ತನಗೆ ಗೊತ್ತಿರಲಿಲ್ಲ ಎಂದು ರುಜುವಾತು ಮಾಡಬೇಕಾದವನೂ ಅವನೇ.