‘ಆರಾಮ ಇದ್ದೀರಾ?’: ರೋಗಿಯ ಮಾತು ಅಳತೆಯಾಗುವ ಬಗೆ

ನಮ್ಮ ಸೀಮೆಯಲ್ಲಿ ಇಬ್ಬರು ಎದುರಾದರೆ ಮೊದಲು ಕೇಳುವ ಮಾತು ‘ಆರಾಮ ಇದ್ದೀರಾ?’ ಎಂಬುದು. ಒಬ್ಬರಿಗೆ ಜ್ವರ ಬಂದರೆ ‘ಅವರಿಗೆ ಆರಾಮಿಲ್ಲ’ ಎನ್ನುತ್ತೇವೆ. ಇದೇ ಪದ ಮರಾಠಿಯಲ್ಲಿ ಮುಖ್ಯವಾಗಿ ವಿಶ್ರಾಂತಿಯನ್ನು ಸೂಚಿಸುತ್ತದೆ. ಪದವೊಂದೇ, ಅರ್ಥದ ಒತ್ತು ಬೇರೆ. ಪ್ರಾಥಮಿಕ ಶಿಕ್ಷಣವನ್ನು ಕನ್ನಡ ಶಾಲೆಯಲ್ಲಿಯೂ ಪ್ರೌಢಶಿಕ್ಷಣವನ್ನು ಮರಾಠಿ ಮಾಧ್ಯಮದಲ್ಲಿಯೂ ಪಡೆದ ನನಗೆ ಇಂಥ ಪದಗಳು ಬಾಲ್ಯದಿಂದಲೂ ಪರಿಚಿತ. ಆದರೆ ಅವು ಒಬ್ಬ ರೋಗಿಯ ಚಿಕಿತ್ಸೆಯನ್ನೇ ದಾರಿ ತಪ್ಪಿಸಬಲ್ಲವೆಂಬುದು ತಿಳಿದದ್ದು ನನ್ನ ಅಕ್ಕನಿಂದ.

ಅಕ್ಕ ಅಕ್ಕಲಕೋಟೆ ತಾಲ್ಲೂಕಿನ ಹಳ್ಳಿಯವಳು. ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಮನೆಯ ಮಾತು ಕನ್ನಡ. ಕೆಲವು ವರ್ಷಗಳ ಹಿಂದೆ ನಗರದ ಆಸ್ಪತ್ರೆಯೊಂದರಲ್ಲಿ ಆಕೆಯ ಮೊಣಕಾಲಿನ ಶಸ್ತ್ರಚಿಕಿತ್ಸೆಯಾಯಿತು. ಆರು ತಿಂಗಳ ನಂತರ ತಪಾಸಣೆಗೆ ಹೋದಾಗ ಅಲ್ಲಿನ ಹುಡುಗನೊಬ್ಬ ಮರಾಠಿಯಲ್ಲಿ ಅಚ್ಚಾದ ಪ್ರಶ್ನಾವಳಿಯನ್ನು ಹಿಡಿದು ಆಕೆಯ ಬಳಿ ಕುಳಿತನು. ನಾನು ಆಗ ಔಷಧಿಯ ಸಾಲಿನಲ್ಲಿ ನಿಂತಿದ್ದೆ. ‘ದುಖತೆ ಕಾ?’ ಎಂದು ಅವನು ನೋವಿನ ಬಗ್ಗೆ ಕೇಳಿದನಂತೆ. ‘ಕುಂತಾಗ ಆರಾಮ ಅದ, ರಾತ್ರಿ ಬ್ಯಾನಿ ತಡಕೊಳ್ಳಾಕ ಆಗಂಗಿಲ್ಲ’ ಎಂದಳು ಅಕ್ಕ. ‘ಆರಾಮ’ ಎಂಬುದಷ್ಟೇ ಅವನಿಗೆ ತಿಳಿಯಿತು. ನೋವಿಲ್ಲವೆಂದು ಗುರುತು ಹಾಕಿದನು. ಮುಂದೆ ‘ಕಾಳಜಿ ವಾಟತೆ ಕಾ?’ ಎಂದು ಕೇಳಿದನು. ಮರಾಠಿಯಲ್ಲಿ ಹಾಗೆಂದರೆ ‘ಚಿಂತೆಯಾಗುತ್ತದೆಯೇ?’ ಎಂದರ್ಥ. ಅಕ್ಕ ತನ್ನ ಕನ್ನಡದ ‘ಕಾಳಜಿ’ಯನ್ನೇ ಹಿಡಿದು, ‘ನನ್ ಮಗಾ ಭಾಳ ಕಾಳಜಿ ಮಾಡ್ತಾನಪಾ’ ಎಂದು ಹೆಮ್ಮೆಯಿಂದ ಹೇಳಿದಳು. ಹಾಳೆಯಲ್ಲಿ ‘ತೀವ್ರ ಚಿಂತೆ’ ಎಂದು ದಾಖಲಾಯಿತು.

ವೈದ್ಯರು ಹಾಳೆಯನ್ನು ನೋಡಿ, ನೋವಿಲ್ಲವಲ್ಲ, ಸುಮ್ಮನೆ ಚಿಂತೆ ಮಾಡಬೇಡಿ ಎಂದು ಧೈರ್ಯ ಹೇಳಿ ಕಳುಹಿಸಿದರು. ಎಸ್‌ಟಿ ಬಸ್ಸಿನಲ್ಲಿ ಮರಳುವಾಗ ಅಕ್ಕ ನಡೆದುದನ್ನು ಹೇಳಿದಳು. ಕಡತದಲ್ಲಿದ್ದ ಪ್ರತಿಯನ್ನು ತೆರೆದು ನೋಡಿದಾಗ ನನಗೆ ವಿಷಯ ಅರ್ಥವಾಯಿತು. ಮುಂದಿನ ತಪಾಸಣೆಗೆ ಒಂದು ತಿಂಗಳು ಬಾಕಿಯಿತ್ತು. ಆ ತಿಂಗಳೆಲ್ಲ ಆಕೆ ರಾತ್ರಿ ನಿದ್ದೆಗೆಟ್ಟಳು. ವೈದ್ಯರನ್ನು ನಾನು ದೂರುವುದಿಲ್ಲ. ತಮ್ಮ ಮುಂದಿದ್ದ ಕಾಗದವನ್ನು ಅವರು ನಂಬಿದರು. ಆ ಕಾಗದವೆಂಥದು, ಅದನ್ನು ಏಕೆ ರಚಿಸಿದರು, ಅದು ಯಾವಾಗ ನಂಬಿಕೆಗೆ ಅರ್ಹವಾಗುತ್ತದೆ ಎಂಬುದನ್ನು ತಿಳಿಯಬೇಕೆಂದು ಅಂದಿನಿಂದ ಓದತೊಡಗಿದೆ. ಓದಿದುದರ ಸಾರವನ್ನು ವಿದ್ಯಾರ್ಥಿಗಳ ಮುಂದೆ ಇಡುತ್ತಿದ್ದೇನೆ.

ರೋಗಿಯನ್ನೇ ಕೇಳುವುದೇಕೆ?

ರಕ್ತದೊತ್ತಡವನ್ನೂ ಸಕ್ಕರೆಯ ಪ್ರಮಾಣವನ್ನೂ ಅಳೆಯಲು ಯಂತ್ರಗಳಿವೆ. ನೋವು, ದಣಿವು, ಬೇಸರಗಳನ್ನು ಅಳೆಯಲು ಯಂತ್ರವಿಲ್ಲ. ಮೊಣಕಾಲಿನ ಕ್ಷ-ಕಿರಣ ಚಿತ್ರದಲ್ಲಿ ಸವೆತ ಹೆಚ್ಚು ಕಂಡರೂ ನೋವು ಕಡಿಮೆಯಿರುವವರುಂಟು. ಚಿತ್ರ ಚೆನ್ನಾಗಿದ್ದರೂ ಮೆಟ್ಟಿಲು ಹತ್ತಲಾರದವರುಂಟು. ಆ ನೋವನ್ನು ಬಲ್ಲವರು ಅನುಭವಿಸುವವರೊಬ್ಬರೇ.

ಹೀಗಿದ್ದರೂ ಬಹುಕಾಲ ರೋಗಿಯ ಸ್ಥಿತಿಯನ್ನು ವೈದ್ಯರೇ ಅಂದಾಜು ಮಾಡುತ್ತಿದ್ದರು. 1940ರ ದಶಕದ ಕೊನೆಯಲ್ಲಿ ಅಮೆರಿಕದ ವೈದ್ಯ ಡೇವಿಡ್ ಕರ್ನಾಫ್‌ಸ್ಕಿ ಮತ್ತು ಅವರ ಸಂಗಡಿಗರು ಕ್ಯಾನ್ಸರ್ ರೋಗಿಗಳಿಗಾಗಿ ಶೂನ್ಯದಿಂದ 100ರವರೆಗಿನ ಒಂದು ಮಾಪಕವನ್ನು ರೂಪಿಸಿದರು. ರೋಗಿ ತನ್ನ ಕೆಲಸವನ್ನು ತಾನು ಮಾಡಿಕೊಳ್ಳಬಲ್ಲನೇ, ಇತರರ ನೆರವು ಎಷ್ಟು ಬೇಕು ಎಂಬುದು ಅದರ ಆಧಾರ. ಆದರೆ ಅಂಕ ಕೊಡುವವರು ವೈದ್ಯರು. ಅದೇ ಕಾಲದಲ್ಲಿ, 1948ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಸಂವಿಧಾನವು ಆರೋಗ್ಯವೆಂದರೆ ಕೇವಲ ರೋಗದ ಅಭಾವವಲ್ಲ, ದೈಹಿಕ, ಮಾನಸಿಕ ಹಾಗೂ ಸಾಮಾಜಿಕ ಕ್ಷೇಮವೂ ಹೌದು ಎಂದು ಸಾರಿತು. ಈ ವಿಶಾಲವಾದ ಅರ್ಥದ ಆರೋಗ್ಯವನ್ನು ಅಳೆಯಬೇಕಾದರೆ ರೋಗಿಯ ಬಾಯಿಂದಲೇ ಕೇಳದೆ ಗತಿಯಿರಲಿಲ್ಲ. ನಂತರದ ದಶಕಗಳಲ್ಲಿ ರೋಗಿಯೇ ಉತ್ತರಿಸುವ ಪ್ರಶ್ನಾವಳಿಗಳು ಹುಟ್ಟಿಕೊಂಡವು.

ಪ್ರಶ್ನಾವಳಿಯ ಒಳಗೆ

ಇಂದು ಪ್ರಚಲಿತವಾಗಿರುವ ಇಂಥ ಸಾಧನಗಳಲ್ಲಿ ಚಿಕ್ಕದೊಂದು ‘ಇಕ್ಯೂ-5ಡಿ’. 1987ರಲ್ಲಿ ಯೂರೋಪಿನ ಕೆಲವು ದೇಶಗಳ ಸಂಶೋಧಕರು ಕೂಡಿ ಕಟ್ಟಿದ ಯೂರೋಕ್ವಾಲ್ ತಂಡ ಇದನ್ನು ರೂಪಿಸಿತು. ಇದರಲ್ಲಿರುವುದು ಐದೇ ವಿಷಯ: ಓಡಾಟ, ತನ್ನ ದೇಹದ ಆರೈಕೆ, ದಿನನಿತ್ಯದ ಕೆಲಸ, ನೋವು ಅಥವಾ ಅಸ್ವಸ್ಥತೆ, ಆತಂಕ ಅಥವಾ ಖಿನ್ನತೆ. ಹೊಸ ಆವೃತ್ತಿಯಲ್ಲಿ ಪ್ರತಿಯೊಂದಕ್ಕೂ ಐದು ಮಟ್ಟಗಳು. ಆದ್ದರಿಂದ ಐದು ಗುರುತುಗಳಿಂದ 3,125 ಬಗೆಯ ಸ್ಥಿತಿಗಳನ್ನು ಸೂಚಿಸಬಹುದು. ಇದರ ಜೊತೆಗೆ ಜ್ವರಮಾಪಕದಂತೆ ನೆಟ್ಟಗೆ ನಿಂತ ಗೆರೆಯೊಂದಿರುತ್ತದೆ. ಶೂನ್ಯವೆಂದರೆ ಊಹಿಸಬಹುದಾದ ಅತಿ ಕೆಟ್ಟ ಆರೋಗ್ಯ, 100 ಎಂದರೆ ಅತ್ಯುತ್ತಮ ಆರೋಗ್ಯ. ಇಂದು ತಾನು ಎಲ್ಲಿದ್ದೇನೆಂಬುದನ್ನು ರೋಗಿ ಆ ಗೆರೆಯ ಮೇಲೆ ತೋರಿಸಬೇಕು.

ವಿಶ್ವ ಆರೋಗ್ಯ ಸಂಸ್ಥೆಯ ಜೀವನಗುಣಮಟ್ಟದ ಪ್ರಶ್ನಾವಳಿ ಇನ್ನೂ ವಿಸ್ತಾರವಾದುದು. ಒಂದು ದೇಶದಲ್ಲಿ ರಚಿಸಿ ಉಳಿದೆಡೆ ಅನುವಾದಿಸುವ ಬದಲು, ಜಗತ್ತಿನ 15 ಕೇಂದ್ರಗಳಲ್ಲಿ ಏಕಕಾಲಕ್ಕೆ ಜನರೊಡನೆ ಮಾತನಾಡಿ ಅದನ್ನು ಸಿದ್ಧಪಡಿಸಿದರು. ದೆಹಲಿ ಮತ್ತು ಮದ್ರಾಸುಗಳೂ ಆ ಕೇಂದ್ರಗಳಲ್ಲಿ ಸೇರಿದ್ದವು. ಮೊದಲ ರೂಪದಲ್ಲಿ 100 ಪ್ರಶ್ನೆಗಳಿದ್ದವು. ಸಂಕ್ಷಿಪ್ತ ರೂಪದಲ್ಲಿ 26 ಇವೆ. ದೇಹ, ಮನಸ್ಸು, ಸಾಮಾಜಿಕ ಸಂಬಂಧ, ಪರಿಸರ ಎಂಬ ನಾಲ್ಕು ವಿಭಾಗಗಳಲ್ಲಿ ಹಿಂದಿನ ಎರಡು ವಾರಗಳ ಬದುಕನ್ನು ಅದು ವಿಚಾರಿಸುತ್ತದೆ. ನಿದ್ದೆ, ನೋವುಗಳ ಜೊತೆಗೆ ಹಣ, ವಾಸಿಸುವ ಸ್ಥಳ, ಪ್ರಯಾಣದ ಅನುಕೂಲಗಳನ್ನೂ ಕೇಳುತ್ತದೆ.

ಒಂದೇ ರೋಗಕ್ಕೆ ಅಥವಾ ಒಂದೇ ಅಂಗಕ್ಕೆ ಮೀಸಲಾದ ಪ್ರಶ್ನಾವಳಿಗಳೂ ಉಂಟು. 1998ರಲ್ಲಿ ಪ್ರಕಟವಾದ ಆಕ್ಸ್‌ಫರ್ಡ್ ಮೊಣಕಾಲು ಮಾಪಕದಲ್ಲಿ 12 ಪ್ರಶ್ನೆಗಳಿವೆ. ಈಗಿನ ರೂಢಿಯಂತೆ ಒಟ್ಟು ಅಂಕ 48. ಖಿನ್ನತೆಯನ್ನು ಗುರುತಿಸಲು ನೆರವಾಗುವ ‘ಪಿಎಚ್‌ಕ್ಯೂ-9’ರಲ್ಲಿ ಒಂಬತ್ತು ಪ್ರಶ್ನೆಗಳಿದ್ದು, ಪ್ರತಿಯೊಂದಕ್ಕೂ ಶೂನ್ಯದಿಂದ 3ರವರೆಗೆ ಅಂಕವಿದೆ. ಒಟ್ಟು 10 ಅಥವಾ ಹೆಚ್ಚು ಬಂದರೆ ವೈದ್ಯರು ಮತ್ತಷ್ಟು ವಿಚಾರಿಸಬೇಕೆಂಬುದು ಅದರ ಸೂಚನೆ. ಅಂಕವೇ ರೋಗನಿರ್ಣಯವಲ್ಲ.

ಮಾತು ಅಳತೆಯಾಗಬಲ್ಲುದೇ?

ಅನಿಸಿಕೆಗೆ ಅಂಕ ಕೊಟ್ಟ ಮಾತ್ರಕ್ಕೆ ಅದು ಅಳತೆಯಾದೀತೇ ಎಂದು ವಿಜ್ಞಾನ ವಿಭಾಗದ ವಿದ್ಯಾರ್ಥಿಗಳು ಕೇಳಬಹುದು. ಯಾವುದೇ ಪ್ರಶ್ನಾವಳಿಯನ್ನು ಬಳಕೆಗೆ ತರುವ ಮುನ್ನ ಅದನ್ನು ಮುಖ್ಯವಾಗಿ ಮೂರು ಪರೀಕ್ಷೆಗಳಿಗೆ ಒಡ್ಡುತ್ತಾರೆ. ಜೋಳ ಅಳೆಯುವ ನಮ್ಮ ಹಳೆಯ ಸೇರನ್ನು ನೆನೆದರೆ ಇವು ಸುಲಭವಾಗಿ ತಿಳಿಯುತ್ತವೆ.

ಮೊದಲನೆಯದು ವಿಶ್ವಾಸಾರ್ಹತೆ. ಒಂದೇ ರಾಶಿಯನ್ನು ಎರಡು ಸಲ ಅಳೆದರೆ ಅಷ್ಟೇ ಸೇರು ಬರಬೇಕು. ಹಾಗೆಯೇ, ಸ್ಥಿತಿ ಬದಲಾಗದ ರೋಗಿಯನ್ನು ಕೆಲವು ದಿನಗಳ ನಂತರ ಮತ್ತೆ ಕೇಳಿದರೆ ಉತ್ತರ ಹೆಚ್ಚುಕಡಿಮೆ ಅದೇ ಆಗಿರಬೇಕು. ಎರಡನೆಯದು ಸಿಂಧುತ್ವ. ಜೋಳ ಎಷ್ಟಿದೆಯೆಂದು ಸೇರು ಹೇಳೀತು. ಅದು ಹುಳುಕಾಗಿದೆಯೇ ಎಂಬುದನ್ನು ಹೇಳಲಾರದು. ನೋವನ್ನು ಅಳೆಯುವೆನೆನ್ನುವ ಪ್ರಶ್ನೆ ನೋವನ್ನೇ ಅಳೆಯುತ್ತಿದೆಯೇ, ಅಥವಾ ರೋಗಿಯ ಸಂಕೋಚವನ್ನು ಅಳೆಯುತ್ತಿದೆಯೇ ಎಂದು ಪರಿಶೀಲಿಸಬೇಕು. ಮೂರನೆಯದು ಸೂಕ್ಷ್ಮತೆ. ಜೋಳದ ತಕ್ಕಡಿಯಲ್ಲಿ ಗುಂಜಿ ಬಂಗಾರವನ್ನು ತೂಗಲಾಗದು. ಚಿಕಿತ್ಸೆಯಿಂದ ಆದ ಚಿಕ್ಕ, ಆದರೆ ರೋಗಿಗೆ ಮುಖ್ಯವಾದ ಬದಲಾವಣೆಯನ್ನು ಪ್ರಶ್ನಾವಳಿ ಹಿಡಿಯಬೇಕು.

ಈ ಪರೀಕ್ಷೆಗಳಲ್ಲಿ ಗೆದ್ದ ಪ್ರಶ್ನಾವಳಿಗಳು ದೊಡ್ಡ ಕೆಲಸವನ್ನೇ ಮಾಡಿವೆ. ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸೇವೆಯು 2009ರಿಂದ ಸೊಂಟ ಮತ್ತು ಮೊಣಕಾಲಿನ ಕೀಲು ಬದಲಾವಣೆ, ಹರ್ನಿಯಾ, ಉಬ್ಬಿದ ರಕ್ತನಾಳ ಎಂಬ ನಾಲ್ಕು ಶಸ್ತ್ರಚಿಕಿತ್ಸೆಗಳ ಮುಂಚೆಯೂ ನಂತರವೂ ರೋಗಿಗಳಿಂದ ಪ್ರಶ್ನಾವಳಿಗಳನ್ನು ತುಂಬಿಸಿಕೊಂಡು, ಚಿಕಿತ್ಸೆಯ ಫಲವನ್ನು ರೋಗಿಗಳ ಮಾತಿನಿಂದಲೇ ತೂಗತೊಡಗಿತು.

ನ್ಯೂಯಾರ್ಕಿನ ಕ್ಯಾನ್ಸರ್ ಆಸ್ಪತ್ರೆಯೊಂದರ 766 ರೋಗಿಗಳ ಅಧ್ಯಯನ ಇನ್ನೂ ಗಮನಾರ್ಹವಾದುದು. ಒಂದು ಗುಂಪಿನವರು ತಮ್ಮ ಲಕ್ಷಣಗಳನ್ನು ಗಣಕದ ಮೂಲಕ ಆಗಾಗ ತಾವೇ ವರದಿ ಮಾಡುತ್ತಿದ್ದರು. ಲಕ್ಷಣ ಉಲ್ಬಣಿಸಿದರೆ ದಾದಿಯರಿಗೆ ಸೂಚನೆ ಹೋಗುತ್ತಿತ್ತು. ಇನ್ನೊಂದು ಗುಂಪಿಗೆ ಎಂದಿನ ಆರೈಕೆ. 2017ರಲ್ಲಿ ಪ್ರಕಟವಾದ ಫಲಿತಾಂಶದಂತೆ, ವರದಿ ಮಾಡಿದವರು ಬದುಕಿದ ಅವಧಿಯ ಮಧ್ಯಾಂಕ 31.2 ತಿಂಗಳು, ಉಳಿದವರದು 26 ತಿಂಗಳು. ಕಷ್ಟವನ್ನು ಹೇಳಿಕೊಳ್ಳಲು ಒಂದು ಕ್ರಮಬದ್ಧವಾದ ದಾರಿಯೂ ಕೇಳಿದೊಡನೆ ಸ್ಪಂದಿಸುವವರೂ ಇದ್ದುದರಿಂದ ದೊರೆತ ಆಯುಷ್ಯವಿದು.

ಭಾಷೆಯ ಹೊಣೆ

ಕನ್ನಡ ವಿಭಾಗದವನಾದ ನಾನು ಈ ವಿಷಯಕ್ಕೆ ಕೈಹಾಕಿದ ಕಾರಣ ಇಲ್ಲಿದೆ. ಜ್ವರಮಾಪಕವನ್ನು ಯಾವ ಊರಿಗೆ ಒಯ್ದರೂ ಪಾದರಸ ಒಂದೇ ರೀತಿ ಏರುತ್ತದೆ. ಪ್ರಶ್ನಾವಳಿಯ ಪಾದರಸ ಭಾಷೆ. ಅದು ಊರೂರಿಗೆ ಬದಲಾಗುತ್ತದೆ.

ಆದ್ದರಿಂದಲೇ ಪ್ರಶ್ನಾವಳಿಯ ಅನುವಾದಕ್ಕೆ ಕಟ್ಟುನಿಟ್ಟಾದ ವಿಧಾನವುಂಟು. ಸಾಮಾನ್ಯವಾಗಿ ಇಬ್ಬರು ಬೇರೆಬೇರೆಯಾಗಿ ಅನುವಾದಿಸುತ್ತಾರೆ; ಎರಡನ್ನೂ ಹೋಲಿಸಿ ಒಂದು ಪಾಠವನ್ನು ಸಿದ್ಧಪಡಿಸುತ್ತಾರೆ. ಮೂಲವನ್ನು ನೋಡದ ಮತ್ತೊಬ್ಬರು ಅದನ್ನು ಮರಳಿ ಮೂಲಭಾಷೆಗೆ ತರುತ್ತಾರೆ. ಎಲ್ಲಿ ಅರ್ಥ ಜಾರಿದೆಯೆಂಬುದು ಆಗ ಕಾಣುತ್ತದೆ. ಕೊನೆಗೆ ಕೆಲವು ರೋಗಿಗಳಿಗೆ ಅದನ್ನು ಓದಿ ಹೇಳಿ, ‘ಈ ಪ್ರಶ್ನೆಯಿಂದ ನಿಮಗೆ ಏನು ತಿಳಿಯಿತು?’ ಎಂದು ವಿಚಾರಿಸುತ್ತಾರೆ. ಈ ಕೊನೆಯ ಹಂತವೇ ಎಲ್ಲಕ್ಕಿಂತ ಮುಖ್ಯವೆಂದು ನನಗೆ ತೋರುತ್ತದೆ.

‘ಪಿಎಚ್‌ಕ್ಯೂ-9’ರಂಥ ಪ್ರಶ್ನಾವಳಿಗಳು ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ದೊರೆಯುತ್ತವೆ. ಆದರೆ ಗಡಿನಾಡಿನ ರೋಗಿ ಎರಡರ ನಡುವೆ ನಿಂತವನು. ‘ಬೇಜಾರು’ ಎಂದರೆ ಕನ್ನಡದಲ್ಲಿ ಮನಸ್ಸಿನ ಬೇಸರ. ಮರಾಠಿಯ ‘ಬೇಜಾರ’ದಲ್ಲಿ ಕಾಟದಿಂದ ಬಳಲಿ ಸಾಕಾಗಿಹೋದ ಭಾವವಿದೆ. ‘ಸಂಕಟ’ ನಮ್ಮಲ್ಲಿ ಹೊಟ್ಟೆಯದೂ ಆಗಬಹುದು, ಮನಸ್ಸಿನದೂ ಆಗಬಹುದು. ಮರಾಠಿಯಲ್ಲಿ ಅದು ವಿಪತ್ತು. ‘ಕಾಳಜಿ’ಯ ಕಥೆಯನ್ನು ಮೇಲೆಯೇ ಹೇಳಿದ್ದೇನೆ.

ನೋವಿನ ಬಗೆಗಳಿಗೂ ಪ್ರತ್ಯೇಕ ಪದಗಳುಂಟು. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ರೊನಾಲ್ಡ್ ಮೆಲ್ಜಾಕ್ 1975ರಲ್ಲಿ ಪ್ರಕಟಿಸಿದ ಪ್ರಶ್ನಾವಳಿಯಲ್ಲಿ ನೋವನ್ನು ಬಣ್ಣಿಸುವ 78 ಪದಗಳನ್ನು 20 ಗುಂಪುಗಳಾಗಿ ಜೋಡಿಸಿದ್ದಾರೆ. ನಮ್ಮ ಹಿರಿಯರ ಬಾಯಲ್ಲಿಯೂ ಸೆಳೆತ, ಸಿಡಿತ, ಉರಿ, ಚಳಕು, ಜೋಮು, ಹಿಂಡಿದಂತಾಗುವುದು ಎಂಬ ಸಂಪತ್ತಿದೆ. ಅವೆಲ್ಲವನ್ನೂ ‘ನೋವು’ ಎಂಬ ಒಂದೇ ಪದಕ್ಕೆ ಇಳಿಸಿದರೆ ವೈದ್ಯರಿಗೆ ದೊರೆಯಬೇಕಾದ ಸುಳಿವು ಕಳೆದುಹೋಗುತ್ತದೆ.

ಪದಗಳಷ್ಟೇ ಅಲ್ಲ, ಬದುಕಿನ ರೀತಿಯೂ ಬೇರೆ. ಮಂಡಿಯೂರಿ ಏಳಬಲ್ಲಿರಾ ಎಂದು ಆಕ್ಸ್‌ಫರ್ಡ್ ಮಾಪಕ ಕೇಳುತ್ತದೆ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂಡಬಲ್ಲಿರಾ ಎಂದು ಕೇಳುವುದಿಲ್ಲ. ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುವುದು, ಪಂಕ್ತಿಯಲ್ಲಿ ಎಲ್ಲರೊಡನೆ ಉಣ್ಣುವುದು ಅಕ್ಕನಂಥವರಿಗೆ ಆರೋಗ್ಯದ ಭಾಗವೇ ಆಗಿವೆ.

ಮಿತಿಗಳು

ಈ ಸಾಧನಗಳಿಗೆ ಬೇರೆ ಮಿತಿಗಳೂ ಇವೆ. ದೀರ್ಘಕಾಲ ನರಳಿದವರು ಕಷ್ಟಕ್ಕೆ ಹೊಂದಿಕೊಂಡು, ‘ಪರವಾಗಿಲ್ಲ’ ಎಂಬುದರ ಅರ್ಥವನ್ನೇ ಬದಲಿಸಿಕೊಂಡಿರುತ್ತಾರೆ. ಮಕ್ಕಳು ಎದುರಿಗಿದ್ದಾಗ ತಾಯಂದಿರು ನೋವನ್ನು ಮುಚ್ಚಿಡುತ್ತಾರೆ. ರೋಗಿಯ ಪರವಾಗಿ ಮನೆಯವರು ಉತ್ತರಿಸಿದರೆ, ಕಣ್ಣಿಗೆ ಕಾಣುವ ನಡಿಗೆಯ ವಿಷಯದಲ್ಲಿ ಅದು ಸುಮಾರಾಗಿ ಸರಿಯಿರಬಹುದು; ಕಾಣದ ದುಃಖದ ವಿಷಯದಲ್ಲಿ ತಪ್ಪುವ ಸಂಭವ ಹೆಚ್ಚು. ಆದ್ದರಿಂದ ಅಂಕವು ಸಂಭಾಷಣೆಯ ಆರಂಭವಾಗಬೇಕೇ ಹೊರತು ಮುಕ್ತಾಯವಾಗಬಾರದು.

ಎರಡು ಭಾಷೆಗಳನ್ನು ಬಲ್ಲ ನಮ್ಮ ವಿದ್ಯಾರ್ಥಿಗಳು ಮನೆಯ ಹಿರಿಯರೊಡನೆ ಆಸ್ಪತ್ರೆಗೆ ಹೋಗುವುದು ಸಾಮಾನ್ಯ. ಅಂಥ ಹಾಳೆ ಕೈಗೆ ಬಂದಾಗ, ಅದು ಕನ್ನಡದಲ್ಲಿದೆಯೇ ಎಂದು ಮೊದಲು ಕೇಳಿರಿ. ಇಲ್ಲದಿದ್ದರೆ ಪ್ರಶ್ನೆಯನ್ನು ಕೂಡಿಸದೆ, ಕಳೆಯದೆ ಅವರ ಮಾತಿನಲ್ಲಿ ಹೇಳಿರಿ. ಅದರಿಂದ ಏನು ತಿಳಿಯಿತೆಂದು ವಿಚಾರಿಸಿರಿ. ಉತ್ತರವನ್ನು ನೀವು ಊಹಿಸಬೇಡಿರಿ. ನೀವು ಸ್ಥಳದಲ್ಲೇ ಮಾಡಿದ ಅನುವಾದವೆಂಬುದನ್ನು ವೈದ್ಯರಿಗೆ ತಿಳಿಸಿರಿ. ಹಾಳೆಯಲ್ಲಿ ಕೇಳದ ಕಷ್ಟವಿದ್ದರೆ ಅದನ್ನೂ ಹೇಳಿರಿ.

ಮುಂದಿನ ತಿಂಗಳು ಅಕ್ಕನೊಡನೆ ನಾನೇ ಕುಳಿತೆ. ಒಂದೊಂದೇ ಪ್ರಶ್ನೆಯನ್ನು ಅವಳ ಮಾತಿನಲ್ಲಿ ಕೇಳಿದೆ. ರಾತ್ರಿಯ ಬೇನೆ ಈ ಸಲ ಹಾಳೆಯನ್ನು ಸೇರಿತು. ವೈದ್ಯರು ಕಾಲನ್ನು ಮತ್ತೆ ಪರೀಕ್ಷಿಸಿ ಔಷಧಿಯನ್ನೂ ವ್ಯಾಯಾಮವನ್ನೂ ಬದಲಿಸಿದರು. ಕೆಲವು ವಾರಗಳಲ್ಲಿ ನಿದ್ದೆ ಮರಳಿತು. ಹಾಳೆ ಮುಗಿದ ಮೇಲೆ ಅಕ್ಕ, ‘ಒಂದು ಕೇಳಲೇ ಇಲ್ಲಲ್ಲೋ ತಮ್ಮಾ, ರೊಟ್ಟಿ ಬಡಿಯಾಕ ಕೂಡ್ಲಿಕ್ಕಿ ಆಗ್ತದೇನಂತ’ ಎಂದಳು. ಹಾಳೆಯ ಅಂಚಿನಲ್ಲಿ ಅದನ್ನೂ ಬರೆದು ವೈದ್ಯರ ಕೈಗಿತ್ತೆ.